ಷರಾ

ಮಂಡಕ್ಕಿ ಭಟ್ಟಿಗಳ ಹಿಂದಿನ ಆರೋಗ್ಯ ಕೇಂದ್ರದಲ್ಲಿ
ತೂಕದ ಯಂತ್ರಕ್ಕೆ ಬೆನ್ನು ಮಾಡಿ ನನ್ನದೊಂದು ಪ್ಲಾಸ್ಟಿಕ್ ಕುರ್ಚಿ,
ಎದುರಿಗೆ ಇನ್ನೊಂದು.
ಹದಿನೆಂಟು ತಿಂಗಳ ಸಂಶೋಧನೆ. ಗೌರವಧನ ಯಾವಾಗಲೂ ತಡ.
ಕೈಯಲ್ಲಿ ಒಂಬತ್ತು ಪ್ರಶ್ನೆಯ ಹಾಳೆ,
ಒಂದೊಂದಕ್ಕೂ ಸೊನ್ನೆಯಿಂದ ಮೂರು,
ಕೊನೆಗೊಂದು ಸಣ್ಣ ಕಲಂ: ಷರಾ.

ಇಲ್ಲಿಗೆ ಖಿನ್ನತೆ ಅಂತ ಯಾರೂ ಬರುವುದಿಲ್ಲ.
ಮಂಡಿನೋವು ಬರುತ್ತದೆ. ಎದೆಯುರಿ ಬರುತ್ತದೆ.
ನೆತ್ತಿಯ ಮೇಲೆ ಕಾದ ಹಂಚು ಕವುಚಿದಂಥ ತಲೆ ಬರುತ್ತದೆ.
'ಸೂಜಿ ಹಾಕ್ಬಿಡ್ರಿ, ಭಟ್ಟಿಗೆ ಹೊತ್ತಾತು.'
ಡಾಕ್ಟರು ಒಬ್ಬರು, ಚೀಟಿ ತೊಂಬತ್ತು,
ತಲಾ ಎರಡು ನಿಮಿಷ,
ಅದರಲ್ಲಿ ಅರ್ಧ ಹೆಸರು ಬರೆಯುವುದಕ್ಕೆ.

ಖೈರುನ್‌ಬಿ ಬಂದದ್ದೂ ಬೆನ್ನುನೋವೆಂದೇ,
ಒಂದೇ ತಿಂಗಳಲ್ಲಿ ನಾಲ್ಕನೇ ಸಲ.
ಡಾಕ್ಟರು ಕಣ್ಸನ್ನೆಯಲ್ಲಿ ನನ್ನತ್ತ ದಾಟಿಸಿದರು.

'ಕಳೆದ ಎರಡು ವಾರಗಳಲ್ಲಿ, ಕೆಲಸಕಾರ್ಯಗಳಲ್ಲಿ
ಸಂತೋಷ ಇಲ್ಲದಿರುವುದು ನಿಮ್ಮನ್ನು ಎಷ್ಟು ದಿನ ಕಾಡಿದೆ?'
ಅವಳು ನನ್ನ ಬಾಯಿ ನೋಡಿದಳು.
'ಸಂತೋಷ ಅಂದ್ರ, ಯಾರ್ದು?'
ಅದಕ್ಕೆ ಅಂಕಿ ಇರಲಿಲ್ಲ.
'ಶುಕ್ರವಾರ ಭಟ್ಟಿ ರಜಾ. ಅವತ್ತು ಜಾಸ್ತಿ.'

ಒಂಬತ್ತನೆಯದಕ್ಕೆ ನನ್ನ ದನಿ ತಗ್ಗುತ್ತದೆ.
ತಗ್ಗಿಸಬೇಡಿ, ಉಳಿದೆಂಟರ ಹಾಗೆಯೇ ಕೇಳಿ,
ತರಬೇತಿಯಲ್ಲಿ ಎಷ್ಟು ಸಲ ಹೇಳಿದ್ದರು.
ಅವಳು ಕಿಟಕಿಯಾಚೆಯ ಹೊಗೆ ನೋಡುತ್ತ:
'ಸಾಯಾದಲ್ಲಕ್ಕಾ. ಬಾಯಿ ಹೊಲಿದ ಚೀಲದಂಗ
ಒಂದು ಮೂಲ್ಯಾಗ ಇರಾದು. ಯಾರೂ ಬಿಚ್ಚಬಾರ್ದು.'
ಒಂದು ಎಂದು ಬರೆದೆ, ಹೊಡೆದು ಎರಡು ಮಾಡಿದೆ,
ಎದ್ದು ಹೋಗಿ ಡಾಕ್ಟರಿಗೆ ಹೇಳಿದೆ. ನಿಯಮವೂ ಹೌದು.
ಒಟ್ಟು ಹದಿನೇಳು.

ಆಮೇಲೆ ಲಕೋಟೆ.
ಅರ್ಧ ಮಂದಿಗೆ ವಾರಕ್ಕೊಮ್ಮೆ ನರ್ಸಮ್ಮನ ಜೊತೆ ಮಾತು,
ಇನ್ನರ್ಧಕ್ಕೆ 'ಎಂದಿನ ಚಿಕಿತ್ಸೆ': ಗುಳಿಗೆ, ಮುಂದಿನ ತಿಂಗಳು ಬಾ.
ಯಾರಿಗೆ ಯಾವುದೆಂದು ಎಲ್ಲೋ ಒಂದು ಕಂಪ್ಯೂಟರು
ಮೊದಲೇ ಹೆಕ್ಕಿ ಅಂಟಿಸಿ ಕಳಿಸಿದೆ.
ಖೈರುನ್‌ಬಿಗೆ ಎಂದಿನದು.
'ನಂಬರ್ ಹತ್ತಲಿಲ್ಲೇನು?' ಅಂದಳು,
ಗಂಡನ ಲಾಟರಿ ಚೀಟಿಗಳನ್ನು ಒಲೆಗಿಟ್ಟವಳು.

ನನ್ನ ಕೆಲಸ ಅಳೆಯುವುದು.
ತಿಂಗಳಿಗೊಮ್ಮೆ ಮನೆಗೆ ಹೋಗಿ ಅವೇ ಒಂಬತ್ತು ಕೇಳುವುದು.
ಸಲಹೆ ಕೊಡಕೂಡದು, ಸಮಾಧಾನ ಹೇಳಕೂಡದು:
ಕೈಪಿಡಿ, ಪುಟ ಹನ್ನೊಂದು.
ಕೊಡಲಿಲ್ಲ. ಹೇಳಲಿಲ್ಲ.
ಒಂದನೆಯದನ್ನು ಕೇಳಿ ಉತ್ತರ ಬರುವ ತನಕ
ಅವಳು ಮೊರದಲ್ಲಿ ಹೊಟ್ಟು ಹಾರಿಸುತ್ತಿದ್ದಳು,
ನಾನು ಪೆನ್ನು ಎತ್ತಿ ಹಿಡಿದು ಕೂತಿರುತ್ತಿದ್ದೆ.

ಆಳುದ್ದದ ಮಂಡಕ್ಕಿ ಚೀಲವನ್ನು ಒಂದೇ ಕೈಲಿ ಅಟ್ಟಕ್ಕೆಸೆದು
'ನೋಡಾಕ ಗುಡ್ಡ, ಎತ್ತಿದ್ರ ಗಾಳಿ. ನಂದು ಉಲ್ಟಾ'
ಅಂದದ್ದು ಎರಡನೇ ತಿಂಗಳು. ಹದಿನೈದು.
ಮೂರಕ್ಕೆ ಒಗ್ಗರಣೆ ಮಂಡಕ್ಕಿ, ಮೇಲೊಂದು ಮಿರ್ಚಿ.
ತಿನ್ನಬಾರದೆಂದು ಕೈಪಿಡಿಯಲ್ಲಿರಲಿಲ್ಲ. ಹನ್ನೆರಡು.
ನಾಲ್ಕಕ್ಕೆ ಮತ್ತೆ ಹದಿನಾಲ್ಕು, ಮಗನ ಜ್ವರ.
ಆರಕ್ಕೆ ಎಂಟು.

ವರದಿಯ ಸಭೆ. ಪರದೆಯ ಮೇಲೆ ಎರಡು ಗೆರೆ.
ನರ್ಸಮ್ಮನದು ಚೆನ್ನಾಗಿ ಇಳಿದಿತ್ತು, ಎಲ್ಲರಿಗೂ ಖುಷಿ.
'ಇನ್ನೊಂದೂ ಇಷ್ಟು ಯಾಕೆ ಇಳೀತು?
ಇವರಿಗೆ ನಾವು ಹೊಸದೇನೂ ಕೊಟ್ಟಿಲ್ಲವಲ್ಲ?'
ಗುಳಿಗೆ ಅಂದರು ಒಬ್ಬರು. ಕಾಲ ಅಂದರು ಇನ್ನೊಬ್ಬರು.
ಇದ್ದೀತು.
ಕೊನೆಯ ಸಾಲಲ್ಲಿ ನಾನು ಹಾಳೆಗಳ ಅಂಚು ಜೋಡಿಸುತ್ತಿದ್ದೆ.
ಷರಾ ಕಲಮಿನಲ್ಲಿ ನನ್ನದೇ ಅಕ್ಷರ:
ಶುಕ್ರವಾರ ಜಾಸ್ತಿ. ಚೀಲ. ಉಲ್ಟಾ. ನಕ್ಕಳು, ಎರಡು ಸಲ.
ಆ ಕಲಮನ್ನು ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ.

ಮೊನ್ನೆ, ಎಲ್ಲ ಮುಗಿದ ಮೇಲೆ,
ಬರಿಗೈಲಿ ಹೋದೆ. ಮನೆಗೆ ಬೀಗ.
'ಹರಿಹರಕ್ಕ, ತಂಗಿ ಮನಿಗೆ' ಅಂದಳು ಪಕ್ಕದವಳು,
'ಹೊಸಾ ಸೀರಿ ಉಟ್ಕಂಡು, ಮುಂಜಾನಿನ.'
ಅಂದು ಶುಕ್ರವಾರ.
ಬರೆದುಕೊಳ್ಳಲು ಹಾಳೆ ಇರಲಿಲ್ಲ.